ಗಾಳಿಯ ದಿನ ಕರೆಂಟ್ ತೆಗೆದರೆ: ಗುಡ್ಡದ ಮನೆಗೆ ಮೂರು ದಿನದ ಸಿದ್ಧತೆ

ಪ್ರಶ್ನೆ: ನಾವು ಕ್ಯಾಲಿಫೋರ್ನಿಯಾದ ಲಾಸ್ ಗ್ಯಾಟೋಸ್ ಮೇಲಿನ ಗುಡ್ಡದಲ್ಲಿ ಇದ್ದೇವೆ. ಕಾಡ್ಗಿಚ್ಚಿನ ಭಯಕ್ಕೆ, ಗಾಳಿ ಜೋರಾದ ದಿನ ಇಲ್ಲಿ ಕರೆಂಟ್ ತೆಗೆಯುತ್ತಾರೆ. ಕಳೆದ ಸಲ ಎರಡು ದಿನಕ್ಕೂ ಜಾಸ್ತಿ ಹೊತ್ತು ಕರೆಂಟ್ ಇರಲಿಲ್ಲ. ಚಾವಣಿ ಮೇಲೆ ಸೋಲಾರ್ ಇದೆ, ಆದರೂ ಮನೆ ಕತ್ತಲು. ಬೋರ್‌ವೆಲ್ ಪಂಪ್ ನಿಂತು ನೀರೂ ಇಲ್ಲ. ಮಾವನವರು ನಮ್ಮ ಜೊತೆಗೇ ಇದ್ದಾರೆ. ರಾತ್ರಿ ಉಸಿರಾಟಕ್ಕೆ ನೆರವಾಗುವ ಸಿಪ್ಯಾಪ್ ಮೆಷಿನ್ ಹಾಕಿಕೊಂಡು ಮಲಗುತ್ತಾರೆ, ಇನ್ಸುಲಿನ್ ಕೂಡ ತಗೊಳ್ಳುತ್ತಾರೆ. ನಮ್ಮ ಮನೆಯವರು ಜನರೇಟರ್ ಸಾಕು ಅಂತಾರೆ. ನನಗೆ ಬ್ಯಾಟರಿ ಹಾಕಿಸುವ ಆಸೆ. ಮಾವನವರು, "ಮೈಸೂರಿನ ಮನೇಲಿ ಇರೋ ಯುಪಿಎಸ್ ಥರದ್ದೇ ಒಂದು ಹಾಕಿದರೆ ಆಯ್ತಲ್ವಾ?" ಅಂತಾರೆ. ಯಾವುದು ಸರಿ?

ಉತ್ತರ: ಮೂವರ ಮಾತಿನಲ್ಲೂ ಸ್ವಲ್ಪ ಸ್ವಲ್ಪ ಸರಿ ಇದೆ. ಆದರೆ ಯಾವ ಯಂತ್ರ ತಗೊಳ್ಳಬೇಕು ಅನ್ನುವುದನ್ನು ಆಮೇಲೆ ನೋಡೋಣ. ಮೊದಲು ಇದನ್ನು ಕೇಳಿಕೊಳ್ಳಿ: ಮೂರು ದಿನ ಕರೆಂಟ್ ಇಲ್ಲದಿದ್ದರೆ ನಿಮ್ಮ ಮನೆಯಲ್ಲಿ ಯಾವುದು ನಿಲ್ಲಲೇಬಾರದು? ಉತ್ತರ ನಿಮ್ಮ ಪತ್ರದಲ್ಲೇ ಇದೆ. ನೀರು, ಮಾವನವರ ಮೆಷಿನ್, ಫ್ರಿಜ್. ಅದರ ಜೊತೆಗೆ ಫೋನ್ ಸೇರಿಸಿ. ಇಷ್ಟಕ್ಕೆ ಬೇಕಾಗುವ ಕರೆಂಟ್ ನೀವು ಅಂದುಕೊಂಡದ್ದಕ್ಕಿಂತ ತುಂಬಾ ಕಡಿಮೆ. ಇಡೀ ಮನೆ ಎಂದಿನಂತೆ ನಡೆಯಬೇಕು ಅಂತ ಹೊರಟರೆ ಮಾತ್ರ ಖರ್ಚು ಕೈಮೀರುತ್ತದೆ. ಎಷ್ಟೋ ಜನ ಆ ಖರ್ಚು ನೋಡಿ ಹೆದರಿ, ಕೊನೆಗೆ ಏನೂ ಮಾಡದೆ ಕೂತುಬಿಡುತ್ತಾರೆ.

ಈ ಕಡಿತಕ್ಕೆ ಅಲ್ಲಿ ಪಿಎಸ್‌ಪಿಎಸ್ (ಪಬ್ಲಿಕ್ ಸೇಫ್ಟಿ ಪವರ್ ಶಟ್‌ಆಫ್) ಅಂತಾರೆ. ಊರಿನ ಲೋಡ್ ಶೆಡ್ಡಿಂಗ್‌ಗೂ ಇದಕ್ಕೂ ಸಂಬಂಧವಿಲ್ಲ. ಊರಿನಲ್ಲಿ ಕರೆಂಟ್ ಸಾಲದೆ ತೆಗೆಯುತ್ತಾರೆ. ಅಲ್ಲಿ ಕರೆಂಟ್ ಬೇಕಾದಷ್ಟಿದೆ, ಆದರೆ ಅದು ತಂತಿಯಲ್ಲಿ ಇರುವುದೇ ಅಪಾಯ ಅಂತ ತೆಗೆಯುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಮಳೆ ಬರುವುದು ಚಳಿಗಾಲದಲ್ಲಿ. ಬೇಸಿಗೆಯುದ್ದಕ್ಕೂ ಮಳೆಯಿಲ್ಲದೆ ಅಕ್ಟೋಬರ್ ಹೊತ್ತಿಗೆ ಹುಲ್ಲು, ಪೊದೆ ಎಲ್ಲ ಒಣಗಿ ನಿಂತಿರುತ್ತವೆ. ಸರಿಯಾಗಿ ಆಗಲೇ ಒಳನಾಡಿನ ಕಡೆಯಿಂದ ಕಡಲಿನ ಕಡೆಗೆ ಒಣಗಾಳಿ ಬೀಸುತ್ತದೆ. ನಿಮ್ಮ ಕಡೆ ಅದಕ್ಕೆ ಡಿಯಾಬ್ಲೊ ಗಾಳಿ ಅಂತಾರೆ, ದಕ್ಷಿಣದಲ್ಲಿ ಸಾಂಟಾ ಆನಾ. ಬೆಟ್ಟ ಇಳಿಯುತ್ತಾ ಅದು ಇನ್ನಷ್ಟು ಬಿಸಿಯಾಗುತ್ತದೆ, ಇನ್ನಷ್ಟು ಒಣಗುತ್ತದೆ. ಕೊಂಬೆ ಮುರಿದು ತಂತಿ ಮೇಲೆ ಬಿದ್ದರೆ, ತಂತಿಗೆ ತಂತಿ ತಗುಲಿದರೆ, ಒಂದು ಕಿಡಿ ಸಾಕು.

2018ರ ನವೆಂಬರ್ 8ರಂದು ಬ್ಯೂಟ್ ಕೌಂಟಿಯಲ್ಲಿ ಹಾಗೇ ಆಯಿತು. ನಿಮ್ಮ ಕಡೆ ಕರೆಂಟ್ ಕೊಡುವ ಪಿಜಿ ಅಂಡ್ ಇ ಕಂಪನಿಯ ಸುಮಾರು ನೂರು ವರ್ಷ ಹಳೆಯ ಟವರ್ ಒಂದರಲ್ಲಿ ತಂತಿ ಹಿಡಿದಿದ್ದ ಕೊಕ್ಕೆ ಸವೆದು ಮುರಿಯಿತು. ಪ್ಯಾರಡೈಸ್ ಅನ್ನುವ ಊರು ಬಹುಪಾಲು ಸುಟ್ಟುಹೋಯಿತು. 85 ಜನ ಸತ್ತರು. 2020ರಲ್ಲಿ ಕಂಪನಿ ಕೋರ್ಟಿನಲ್ಲಿ 84 ಸಾವುಗಳ ತಪ್ಪನ್ನು ಒಪ್ಪಿಕೊಂಡಿತು. ಗಾಳಿಗೆ ಮೊದಲೇ ಕರೆಂಟ್ ತೆಗೆಯುವ ಪದ್ಧತಿ ಸ್ಯಾನ್ ಡಿಯೇಗೊ ಕಡೆ ಅದಕ್ಕೂ ಮುಂಚೆಯೇ ಇತ್ತು. ಆದರೆ ಅದು ರಾಜ್ಯದುದ್ದಕ್ಕೂ ದೊಡ್ಡದಾಗಿ ಬಂದದ್ದು ಈ ಬೆಂಕಿಯ ನಂತರ. 2019ರ ಅಕ್ಟೋಬರ್ ಆರಂಭದಲ್ಲಿ ಒಂದೇ ಸಲಕ್ಕೆ 7 ಲಕ್ಷಕ್ಕೂ ಜಾಸ್ತಿ ಮೀಟರ್‌ಗಳಿಗೆ ಕರೆಂಟ್ ತೆಗೆದರು. ಅದೇ ತಿಂಗಳ ಕೊನೆಯಲ್ಲಿ 9 ಲಕ್ಷ ದಾಟಿತು. ಕೆಲವು ಕಡೆ ಒಂದು ಕಡಿತ ಮುಗಿಯುವ ಮೊದಲೇ ಇನ್ನೊಂದು ಶುರುವಾಯಿತು. ಈಗ ಲೈನನ್ನು ಸಣ್ಣ ಸಣ್ಣ ತುಂಡು ಮಾಡಿಕೊಂಡಿರುವುದರಿಂದ ಅಷ್ಟು ದೊಡ್ಡದಾಗಿ ತೆಗೆಯುವುದಿಲ್ಲ. ಆದರೆ ನಿಮ್ಮಂಥ ಗುಡ್ಡದ ಮನೆಗಳು ಪಟ್ಟಿಯಿಂದ ಸುಲಭಕ್ಕೆ ಹೋಗುವುದಿಲ್ಲ.

ನಿಮ್ಮ ಲೆಕ್ಕಕ್ಕೆ ಇದರಲ್ಲಿ ಮುಖ್ಯವಾದ ವಿಷಯ ಒಂದಿದೆ. ಗಾಳಿ ನಿಂತ ಕೂಡಲೇ ಕರೆಂಟ್ ಬರುವುದಿಲ್ಲ. ತೆಗೆದ ಲೈನನ್ನೆಲ್ಲ ಮೊದಲು ಕಣ್ಣಿನಿಂದ ನೋಡಬೇಕು. ಕೊಂಬೆ ಸಿಕ್ಕಿಕೊಂಡಿದೆಯಾ, ಕಂಬ ವಾಲಿದೆಯಾ ಅಂತ ನಡೆದು, ಜೀಪಿನಲ್ಲಿ, ಹೆಲಿಕಾಪ್ಟರ್‌ನಲ್ಲಿ ಹೋಗಿ ನೋಡುತ್ತಾರೆ. ಇದು ಬಹುಮಟ್ಟಿಗೆ ಹಗಲಿನ ಕೆಲಸ. ಭಾನುವಾರ ರಾತ್ರಿ ತೆಗೆದರು, ಸೋಮವಾರ ಸಂಜೆ ಗಾಳಿ ಇಳಿಯಿತು ಅಂದುಕೊಳ್ಳಿ. ಮಂಗಳವಾರ ಬೆಳಕು ಹರಿದ ಮೇಲೆ ತಪಾಸಣೆ, ಸಂಜೆಗೆ ಕರೆಂಟ್. ಅಲ್ಲಿಗೆ ಎರಡು ದಿನ ಆಯಿತು. ಅದಕ್ಕೇ ನಾನು ಗುಡ್ಡದ ಮನೆಗಳಿಗೆ ಯಾವಾಗಲೂ ಮೂರು ದಿನ, ಅಂದರೆ 72 ಗಂಟೆ, ಲೆಕ್ಕ ಹಿಡಿಯಿರಿ ಅಂತ ಹೇಳುತ್ತೇನೆ.

ಇಲ್ಲೇ ಮಾವನವರ ಯುಪಿಎಸ್ ಸೋಲುತ್ತದೆ. ಮೈಸೂರಿನ ಮನೆಯಲ್ಲಿ ಇರುವುದು 12 ವೋಲ್ಟ್, 150 ಎಎಚ್ ಬ್ಯಾಟರಿ ಇರಬೇಕು. ಗುಣಿಸಿದರೆ 1800 ವಾಟ್-ಗಂಟೆ, ಅಂದರೆ 1.8 ಯೂನಿಟ್. ಲೆಡ್ ಆಸಿಡ್ ಬ್ಯಾಟರಿಯನ್ನು ಪೂರ್ತಿ ಖಾಲಿ ಮಾಡಿದರೆ ಬೇಗ ಹಾಳಾಗುತ್ತದೆ. ಇನ್ವರ್ಟರ್‌ನಲ್ಲಿ ಸ್ವಲ್ಪ ನಷ್ಟವೂ ಇದೆ. ಕೈಗೆ ಸಿಗುವುದು ಒಂದು ಯೂನಿಟ್ ಆಸುಪಾಸು. ಎರಡು ಗಂಟೆ ಕರೆಂಟ್ ಹೋಗಿ ಮತ್ತೆ ಬಂದು ಬ್ಯಾಟರಿ ತುಂಬುವ ಊರಿಗೆ ಅದು ಒಳ್ಳೆಯ ವ್ಯವಸ್ಥೆ. ಮೂರು ದಿನ ತುಂಬುವವರೇ ಇಲ್ಲದ ಕಡೆ ಅದು ಸಾಲದು. ಇನ್ನೊಂದು ಮಾತು. ಊರಿನಿಂದ ಯಾರಾದರೂ ಬರುವಾಗ ಯುಪಿಎಸ್ ತರಿಸುವ ಯೋಚನೆ ಇದ್ದರೆ ಖಂಡಿತ ಬೇಡ. ಅದು 230 ವೋಲ್ಟ್, 50 ಹರ್ಟ್ಸ್. ನಿಮ್ಮ ಮನೆ 120/240 ವೋಲ್ಟ್, 60 ಹರ್ಟ್ಸ್. ಅಲ್ಲಿನ ಸುರಕ್ಷತಾ ಮುದ್ರೆ ಇಲ್ಲದ ಸಾಮಾನನ್ನು ಮನೆ ವೈರಿಂಗ್‌ಗೆ ಸೇರಿಸಿದರೆ ಮುಂದೆ ಇನ್ಶೂರೆನ್ಸ್‌ನವರ ಜೊತೆಗೂ ತಕರಾರು.

ಆದರೆ ಮಾವನವರು ಹೇಳಿದ್ದರ ಒಳಗಿರುವ ತತ್ವ ಸರಿ. ಊರಿನಲ್ಲಿ ಯುಪಿಎಸ್‌ಗೆ ಗೀಸರ್ ಕೊಡುವುದಿಲ್ಲ. ಎರಡು ಫ್ಯಾನು, ನಾಲ್ಕು ಲೈಟು, ಟಿವಿ, ಅಷ್ಟೇ. ಇಲ್ಲೂ ಹಾಗೇ ಆರಿಸಬೇಕು.

ಲೆಕ್ಕ ಹಾಕೋಣ. ಇತ್ತೀಚಿನ ಫ್ರಿಜ್ ದಿನಕ್ಕೆ ಒಂದೂವರೆ ಯೂನಿಟ್ ತಿನ್ನುತ್ತದೆ. ವೈಫೈ ಪೆಟ್ಟಿಗೆಗಳು ಸೇರಿ 20 ವಾಟ್, ದಿನಕ್ಕೆ ಅರ್ಧ ಯೂನಿಟ್. ಸಿಪ್ಯಾಪ್ 30ರಿಂದ 40 ವಾಟ್, ಎಂಟು ಗಂಟೆಗೆ 0.3 ಯೂನಿಟ್. ಅದರಲ್ಲಿ ನೀರು ಬಿಸಿ ಮಾಡುವ ಹ್ಯುಮಿಡಿಫೈಯರ್ ಮತ್ತು ಬಿಸಿ ಕೊಳವೆ ಆನ್ ಇದ್ದರೆ ಎರಡು ಪಟ್ಟು ಆಗಬಹುದು. ಆ ಮೂರು ರಾತ್ರಿ ಅವನ್ನು ಆಫ್ ಮಾಡಬಹುದಾ ಅಂತ ಡಾಕ್ಟರನ್ನು ಈಗಲೇ ಕೇಳಿಟ್ಟುಕೊಳ್ಳಿ. ಎಲ್ಲರ ಫೋನು, ಎರಡು ಲ್ಯಾಪ್‌ಟಾಪು, ಐದಾರು ಎಲ್‌ಇಡಿ ದೀಪ ಸೇರಿ ಅರ್ಧ ಯೂನಿಟ್ ಹಿಡಿಯಿರಿ. ಪಂಪ್ ದಿನಕ್ಕೆ ಅರ್ಧ ಗಂಟೆ ಓಡಿದರೆ ಇನ್ನೊಂದು 0.6. ಹೊಗೆ ಇದ್ದ ದಿನ ಒಂದು ಕೋಣೆಗೆ ಏರ್ ಪ್ಯೂರಿಫೈಯರ್ ಬೇಕು. 40 ವಾಟ್‌ನದ್ದು ದಿನವಿಡೀ ಓಡಿದರೆ ಹೆಚ್ಚುಕಡಿಮೆ ಒಂದು ಯೂನಿಟ್. ಎಲ್ಲ ಕೂಡಿದರೆ ದಿನಕ್ಕೆ ನಾಲ್ಕೂವರೆ ಯೂನಿಟ್ ಒಳಗೇ. ಅಮೆರಿಕದ ಸರಾಸರಿ ಮನೆ ದಿನಕ್ಕೆ 29 ಯೂನಿಟ್ ಆಸುಪಾಸು ಸುಡುತ್ತದೆ. ಅಂದರೆ ಬೇಕೇಬೇಕಾದದ್ದು ಅದರ ಆರನೇ ಒಂದು ಭಾಗ.

ಅಡುಗೆ ಈ ಲೆಕ್ಕದಲ್ಲಿಲ್ಲ. ಗ್ಯಾಸ್ ಒಲೆಯಾದರೆ ಮೇಲಿನ ಬರ್ನರ್‌ಗಳನ್ನು ಸಾಮಾನ್ಯವಾಗಿ ಕಡ್ಡಿ ಗೀರಿ ಹಚ್ಚಬಹುದು, ಕುಕ್ಕರ್ ಇಡಬಹುದು. ಎಲೆಕ್ಟ್ರಿಕ್ ರೈಸ್ ಕುಕ್ಕರ್‌ಗೆ ಒಂದು ಸಲಕ್ಕೆ 0.3 ಯೂನಿಟ್. ಮಿಕ್ಸಿ 750 ವಾಟ್ ಅಂತ ಹೆದರಬೇಡಿ, ಎರಡು ನಿಮಿಷ ಚಟ್ನಿಗೆ ಏನೂ ಅಲ್ಲ. ಇಂಡಕ್ಷನ್ ಒಲೆ, ಓವನ್, ಬಟ್ಟೆ ಒಣಗಿಸುವ ಡ್ರೈಯರ್, ಸೆಂಟ್ರಲ್ ಎಸಿ, ಕಾರಿನ ಚಾರ್ಜರ್, ಇವನ್ನೆಲ್ಲ ಆ ಮೂರು ದಿನ ಮರೆತುಬಿಡಿ. ಡ್ರೈಯರ್ ಒಂದು ಗಂಟೆ ಓಡಿದರೆ ನಿಮ್ಮ ಇಡೀ ದಿನದ ಪಾಲು ಖಾಲಿ.

ಇನ್ನು ಸೋಲಾರ್. ಚಾವಣಿ ಮೇಲೆ ಬಿಸಿಲು ಸುರಿಯುತ್ತಿದ್ದರೂ ಮನೆ ಕತ್ತಲಾದದ್ದು ನಿಮಗೆ ತುಂಬಾ ಬೇಸರ ತಂದಿದೆ ಅಂತ ಪತ್ರದಲ್ಲೇ ಗೊತ್ತಾಗುತ್ತದೆ. ಹಾಕಿದವರು ಇದನ್ನು ಮೊದಲೇ ಹೇಳಬೇಕಿತ್ತು. ಅದು ಕೆಟ್ಟಿಲ್ಲ. ಸಾಮಾನ್ಯ ಸೋಲಾರ್ ಇನ್ವರ್ಟರ್ ತನ್ನಷ್ಟಕ್ಕೆ ತಾನು ಕರೆಂಟ್ ಕಟ್ಟುವುದಿಲ್ಲ. ಲೈನಿನಲ್ಲಿರುವ ವೋಲ್ಟೇಜ್, ಫ್ರೀಕ್ವೆನ್ಸಿ ನೋಡಿಕೊಂಡು ಅದರ ತಾಳಕ್ಕೆ ಸೇರಿಕೊಳ್ಳುತ್ತದೆ. ಲೈನ್ ಸತ್ತರೆ ಅದೂ ನಿಲ್ಲಲೇಬೇಕು ಅಂತ ನಿಯಮವಿದೆ. ಇಲ್ಲದಿದ್ದರೆ ಕರೆಂಟ್ ಇಲ್ಲ ಅಂದುಕೊಂಡು ಕಂಬ ಹತ್ತಿದ ಲೈನ್‌ಮನ್‌ಗೆ ನಿಮ್ಮ ಚಾವಣಿಯ ಕರೆಂಟ್ ಹೊಡೆಯುತ್ತದೆ.

ಇದಕ್ಕೆ ಪರಿಹಾರ, ಲೈನ್ ಹೋದ ಕ್ಷಣ ಮನೆಯನ್ನು ಹೊರಗಿನ ತಂತಿಯಿಂದ ಬೇರೆ ಮಾಡಿ, ಒಳಗೆ ತಾನೇ ತಾಳ ಹಾಕುವ ಬ್ಯಾಟರಿ ವ್ಯವಸ್ಥೆ. ಆಗ ನಿಮ್ಮ ಸೋಲಾರ್ ಇನ್ವರ್ಟರ್ ಬ್ಯಾಟರಿಯನ್ನೇ ಲೈನ್ ಅಂದುಕೊಂಡು ಕೆಲಸ ಶುರು ಮಾಡುತ್ತದೆ. ಟೆಸ್ಲಾ ಪವರ್‌ವಾಲ್ 3ರಲ್ಲಿ 13.5 ಯೂನಿಟ್ ಹಿಡಿಯುತ್ತದೆ. ಬೇರೆ ಕಂಪನಿಯವೂ ಬೇರೆ ಬೇರೆ ಅಳತೆಯಲ್ಲಿ ಸಿಗುತ್ತವೆ. ನಿಮ್ಮ ನಾಲ್ಕೂವರೆ ಯೂನಿಟ್‌ಗೆ 13.5 ಅಂದರೆ ಬಿಸಿಲೇ ಇಲ್ಲದಿದ್ದರೂ ಮೂರು ದಿನ. ಬಿಸಿಲಿದ್ದರೆ ಸಂಜೆಯೊಳಗೆ ಮತ್ತೆ ತುಂಬುತ್ತದೆ. ಹೀಗಾಗಿ ನಿಮ್ಮ ಮನೆಗೆ ಒಂದು ಬ್ಯಾಟರಿ ಸಾಕು. ಎರಡು ಹಾಕಿಸಿ ಅಂತ ಯಾರಾದರೂ ಒತ್ತಾಯ ಮಾಡಿದರೆ, ಯಾವ ಲೋಡಿಗೆ ಅಂತ ಬರೆದು ಕೊಡಲು ಹೇಳಿ.

ಹಾಕಿಸುವಾಗ ನೀವೇ ಹೇಳಬೇಕಾದ ಮಾತುಗಳು ಕೆಲವಿವೆ. ಮನೆಯ ಎಲ್ಲ ಸರ್ಕ್ಯೂಟ್‌ಗಳನ್ನೂ ಬ್ಯಾಟರಿಗೆ ಕೊಡಬೇಡಿ. ಫ್ರಿಜ್, ಮಾವನವರ ಕೋಣೆ, ಅಡುಗೆಮನೆಯ ದೀಪ, ವೈಫೈ, ಪಂಪ್, ಇಷ್ಟನ್ನು ಬೇರೆ ಪ್ಯಾನೆಲ್‌ಗೆ ತೆಗೆಸಿ. "ಹೋಲ್ ಹೋಮ್" ಅಂತ ಮಾರುವುದು ಕೇಳಲು ಚೆನ್ನಾಗಿದೆ, ಆದರೆ ಯಾರೋ ಮರೆತು ಎಸಿ ಹಾಕಿದ ರಾತ್ರಿ ಬೆಳಗಿನೊಳಗೆ ಬ್ಯಾಟರಿ ಬರಿದಾಗುತ್ತದೆ. ಬ್ಯಾಟರಿ ಪೂರ್ತಿ ಬರಿದಾದ ಮೇಲೆ ಬರೀ ಬಿಸಿಲಿನಿಂದ ಮತ್ತೆ ತಾನಾಗಿ ಎದ್ದೇಳುತ್ತದಾ ಅಂತಲೂ ಕೇಳಿ. ಕೆಲವು ವ್ಯವಸ್ಥೆಗಳು ಅದಕ್ಕಾಗಿ ಸ್ವಲ್ಪ ಉಳಿಸಿಕೊಳ್ಳುತ್ತವೆ, ಕೆಲವಕ್ಕೆ ಕೈಯಿಂದ ಎಬ್ಬಿಸಬೇಕು. ಬಿಸಿಲು ಜಾಸ್ತಿ ಇದ್ದು ಬ್ಯಾಟರಿ ತುಂಬಿಹೋದಾಗ ಅನೇಕ ವ್ಯವಸ್ಥೆಗಳು ಫ್ರೀಕ್ವೆನ್ಸಿಯನ್ನು 60 ಹರ್ಟ್ಸ್‌ಗಿಂತ ಮೇಲೆ ಏರಿಸಿ ಸೋಲಾರ್‌ಗೆ ತಡೆ ಹಾಕುತ್ತವೆ. ಆಗ ಕಂಪ್ಯೂಟರ್‌ನ ಸಣ್ಣ ಯುಪಿಎಸ್ ಕಿರುಚಬಹುದು. ಗಾಬರಿ ಬೇಡ.

ಪಂಪ್ ವಿಷಯಕ್ಕೆ ಬರುತ್ತೇನೆ. ಗುಡ್ಡದ ಮನೆಯಲ್ಲಿ ನಿಜವಾದ ಕಷ್ಟ ಇದೇ. ಅದು ತಿನ್ನುವ ಯೂನಿಟ್ ಕಡಿಮೆ, ಆದರೆ ಶುರುವಾಗುವ ಕ್ಷಣದಲ್ಲಿ ಎಳೆಯುವ ಕರೆಂಟ್ ಜಾಸ್ತಿ. ಒಂದು ಎಚ್‌ಪಿ ಸಬ್‌ಮರ್ಸಿಬಲ್ ಓಡುವಾಗ ಒಂದರಿಂದ ಒಂದೂವರೆ ಕಿಲೋವಾಟ್. ಶುರುವಾಗುವಾಗ ಅದರ ಹಲವು ಪಟ್ಟು, ಕಣ್ಣು ಮಿಟುಕಿಸುವಷ್ಟು ಹೊತ್ತು. ಜೊತೆಗೆ ಅಲ್ಲಿ ಬೋರ್‌ವೆಲ್ ಪಂಪ್ ಸಾಮಾನ್ಯವಾಗಿ 240 ವೋಲ್ಟಿನದು. ಅಂಗಡಿಯಲ್ಲಿ ಸಿಗುವ ಪೋರ್ಟಬಲ್ ಪವರ್ ಸ್ಟೇಷನ್‌ಗಳು, ಅಂದರೆ ಎತ್ತಿಕೊಂಡು ಹೋಗಬಹುದಾದ ಬ್ಯಾಟರಿ ಪೆಟ್ಟಿಗೆಗಳು, ಬಹುಪಾಲು 120 ವೋಲ್ಟ್ ಮಾತ್ರ ಕೊಡುತ್ತವೆ. ಅದಕ್ಕೆ ಪಂಪ್ ಹಚ್ಚಲು ಆಗುವುದೇ ಇಲ್ಲ. ಸಣ್ಣ ಜನರೇಟರ್‌ಗೂ ಇದೇ ಮಾತು. ಪಂಪ್‌ಗೆ ಸಾಫ್ಟ್ ಸ್ಟಾರ್ಟರ್ ಹಾಕಿಸಿದರೆ ಆ ಮೊದಲ ಎಳೆತ ಇಳಿಯುತ್ತದೆ, ಆದರೆ ಎಲ್ಲ ಪಂಪ್‌ಗೂ ಅದು ಹೊಂದುವುದಿಲ್ಲ.

ಹೀಗಾಗಿ ನನ್ನ ಸಲಹೆ, ಕರೆಂಟ್ ಕೂಡಿಡುವ ಮೊದಲು ನೀರು ಕೂಡಿಡಿ. ಊರಿನಲ್ಲಿ ಮನೆ ಮೇಲೊಂದು ಟ್ಯಾಂಕ್ ಇಡುತ್ತೇವಲ್ಲ, ಅದು ಎಷ್ಟು ಒಳ್ಳೆಯ ಅಭ್ಯಾಸ ಅಂತ ಇಂಥ ದಿನ ಗೊತ್ತಾಗುತ್ತದೆ. ಅಲ್ಲಿನ ಬೋರ್‌ವೆಲ್ ಮನೆಗಳಲ್ಲಿ ಇರುವ ಪ್ರೆಶರ್ ಟ್ಯಾಂಕ್ ಕೆಲವು ಬಕೆಟ್ ನೀರು ಕೊಟ್ಟು ಸುಮ್ಮನಾಗುತ್ತದೆ. ನಿಮ್ಮ ಜಾಗ ಇಳಿಜಾರು. ಮನೆಗಿಂತ ಮೇಲೆ ಒಂದು ದೊಡ್ಡ ಟ್ಯಾಂಕ್ ಕೂರಿಸಿದರೆ ಕರೆಂಟ್ ಇಲ್ಲದೆಯೂ ನಲ್ಲಿಯಲ್ಲಿ ನೀರು ಬರುತ್ತದೆ. ಒತ್ತಡ ಕಡಿಮೆ ಇರುತ್ತದೆ, ಪರವಾಗಿಲ್ಲ. ಬೆಂಕಿ ಆರಿಸುವವರು ಬಂದರೂ ಆ ನೀರು ಉಪಯೋಗಕ್ಕೆ ಬರುತ್ತದೆ. ಅದು ಆಗುವವರೆಗೆ, ಎಚ್ಚರಿಕೆ ಬಂದ ದಿನ ಡ್ರಮ್ಮು, ಬಕೆಟ್, ಬಾತ್‌ಟಬ್ ಎಲ್ಲ ತುಂಬಿಸಿಡಿ. ಕುಡಿಯುವ ನೀರು ಬೇರೆ ಇಡಿ.

ಎಚ್ಚರಿಕೆ ಸಾಮಾನ್ಯವಾಗಿ ಎರಡು ದಿನ ಮೊದಲು ಬರುತ್ತದೆ, ಆಮೇಲೆ ಹಿಂದಿನ ದಿನ, ಆಮೇಲೆ ತೆಗೆಯುವ ಸ್ವಲ್ಪ ಮುಂಚೆ. ಆದರೆ ಇದನ್ನೇ ನಂಬಿ ಕೂರಬೇಡಿ. ಪಿಜಿ ಅಂಡ್ ಇ 2021ರಿಂದ ಇಪಿಎಸ್‌ಎಸ್ ಅನ್ನುವ ಇನ್ನೊಂದು ಕ್ರಮ ತಂದಿದೆ. ಬೇಸಿಗೆ ಮತ್ತು ಗಾಳಿಯ ತಿಂಗಳುಗಳಲ್ಲಿ ಲೈನನ್ನು ತುಂಬಾ ಸೂಕ್ಷ್ಮ ಮಾಡಿ ಇಟ್ಟಿರುತ್ತಾರೆ. ಅಳಿಲು ಓಡಿದರೂ, ಎಲೆ ತಗುಲಿದರೂ ಕ್ಷಣದೊಳಗೆ ಟ್ರಿಪ್ ಆಗುತ್ತದೆ. ಇದಕ್ಕೆ ಮುನ್ಸೂಚನೆ ಇರುವುದಿಲ್ಲ. ರಾತ್ರಿ ಎರಡು ಗಂಟೆಗೂ ಹೋಗಬಹುದು. ಆದ್ದರಿಂದ ಮಾವನವರ ಮಂಚದ ಪಕ್ಕ ಸದಾ ತುಂಬಿರುವ ಒಂದು ಬ್ಯಾಟರಿ ಇರಲೇಬೇಕು, ಮತ್ತು ಅದು ಯಾರೂ ಎದ್ದು ಸ್ವಿಚ್ ಹಾಕದೆಯೇ ತಾನಾಗಿ ಹಿಡಿದುಕೊಳ್ಳಬೇಕು.

ಈ ಕೆಲಸವನ್ನು ಈ ವಾರವೇ ಮಾಡಿ. ಮನೆ ಬ್ಯಾಟರಿಗೆ ಪರ್ಮಿಟ್, ತಪಾಸಣೆ, ಕರೆಂಟ್ ಕಂಪನಿಯ ಒಪ್ಪಿಗೆ ಅಂತ ತಿಂಗಳುಗಳೇ ಹಿಡಿಯಬಹುದು. ಅಲ್ಲಿಯವರೆಗೆ ಎರಡು ಯೂನಿಟ್ ಅಳತೆಯ ಒಂದು ಪೋರ್ಟಬಲ್ ಪವರ್ ಸ್ಟೇಷನ್ ತಗೊಳ್ಳಿ. ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿ ಇರುವುದನ್ನೇ ಕೇಳಿ, ಅದು ಹೆಚ್ಚು ವರ್ಷ ಬಾಳುತ್ತದೆ, ಬಿಸಿಗೆ ಬೇಗ ಕೆಡುವುದಿಲ್ಲ. ಯುಪಿಎಸ್ ಥರ ತಾನಾಗಿ ಬದಲಾಗುವ ಸೌಲಭ್ಯ ಇರಲಿ. ಸಿಪ್ಯಾಪ್‌ಗೆ ಕಾರಿನಲ್ಲಿ ಹಾಕುವ ಡಿಸಿ ಕೇಬಲ್ ಬೇರೆ ಸಿಗುತ್ತದೆ. ಅದನ್ನು ನೇರ ಡಿಸಿ ಕಡೆಗೆ ಹಚ್ಚಿದರೆ ಇನ್ವರ್ಟರ್ ನಷ್ಟ ಉಳಿದು ಇನ್ನೂ ಜಾಸ್ತಿ ಹೊತ್ತು ಬರುತ್ತದೆ. ಎರಡು ಯೂನಿಟ್‌ನಲ್ಲಿ ಮಾವನವರ ಮೆಷಿನ್ ಒಂದನ್ನೇ ಓಡಿಸಿದರೆ ಐದು ರಾತ್ರಿ ಸಾಗುತ್ತದೆ. ಫ್ರಿಜ್ ಸೇರಿಸಿದರೆ ಒಂದು ದಿನ.

ಇನ್ಸುಲಿನ್ ಬಗ್ಗೆ ಇಷ್ಟು ಗಾಬರಿ ಬೇಡ. ಬಳಸುತ್ತಿರುವ ಇನ್ಸುಲಿನ್ ಹೆಚ್ಚಿನವು ಹೊರಗಿನ ಸಾಧಾರಣ ತಾಪದಲ್ಲಿ ಸುಮಾರು 28 ದಿನ ಇರುತ್ತವೆ. ಅವರದ್ದಕ್ಕೆ ಎಷ್ಟು ದಿನ ಅಂತ ಪೆಟ್ಟಿಗೆ ಮೇಲೆ ನೋಡಿ, ಔಷಧಿ ಅಂಗಡಿಯಲ್ಲೂ ಕೇಳಿ. ತೆರೆಯದವನ್ನು ಐಸ್ ಪ್ಯಾಕ್ ಇಟ್ಟ ಡಬ್ಬಿಯಲ್ಲಿ ಇಡಿ, ಐಸ್‌ಗೆ ನೇರ ತಾಗದಂತೆ. ಹೆಪ್ಪುಗಟ್ಟಿದರೆ ಅದು ಕೆಡುತ್ತದೆ. ಫ್ರಿಜ್ ಬಾಗಿಲು ತೆಗೆಯದಿದ್ದರೆ ಒಳಗಿನ ತಂಪು ನಾಲ್ಕು ಗಂಟೆ, ತುಂಬಿದ ಫ್ರೀಜರ್ ಎರಡು ದಿನ. ಖಾಲಿ ಜಾಗದಲ್ಲಿ ನೀರಿನ ಬಾಟಲಿ ಇಟ್ಟು ಗಟ್ಟಿ ಮಾಡಿಟ್ಟುಕೊಂಡಿರಿ.

ಮಾವನವರ ಹೆಸರನ್ನು ಕರೆಂಟ್ ಕಂಪನಿಯ ಮೆಡಿಕಲ್ ಬೇಸ್‌ಲೈನ್ ಯೋಜನೆಗೆ ಸೇರಿಸಿ. ಡಾಕ್ಟರ್ ದೃಢೀಕರಿಸಬೇಕು. ಕಡಿಮೆ ದರದಲ್ಲಿ ಸ್ವಲ್ಪ ಹೆಚ್ಚು ಯೂನಿಟ್ ಸಿಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಕಡಿತಕ್ಕೆ ಮುಂಚೆ ನೀವು ಮೆಸೇಜ್ ನೋಡಿದಿರಾ ಅಂತ ಅವರೇ ಖಾತ್ರಿ ಮಾಡಿಕೊಳ್ಳುತ್ತಾರೆ, ಉತ್ತರ ಬರದಿದ್ದರೆ ಮನೆ ಬಾಗಿಲಿಗೂ ಬರುತ್ತಾರೆ. ಬೆಂಕಿಯ ಅಪಾಯ ಜಾಸ್ತಿ ಇರುವ ಜಾಗದಲ್ಲಿರುವ ಇಂಥ ಮನೆಗಳಿಗೆ ಪೋರ್ಟಬಲ್ ಬ್ಯಾಟರಿ ಉಚಿತವಾಗಿ ಕೊಡುವ ಕಾರ್ಯಕ್ರಮವೂ ಇದೆ. ಕೊಳ್ಳುವ ಮುಂಚೆ ಅದನ್ನು ಕೇಳಿ ನೋಡಿ.

ಈಗ ನಿಮ್ಮ ಮನೆಯವರ ಜನರೇಟರ್. ಬೇಡ ಅನ್ನುವುದಿಲ್ಲ. ನಾಲ್ಕನೇ ದಿನ, ಹೊಗೆ ಕವಿದ ದಿನ, ಪವರ್ ಸ್ಟೇಷನ್ ಮತ್ತೆ ತುಂಬುವ ದಾರಿ ಅದೊಂದೇ. 2020ರ ಸೆಪ್ಟೆಂಬರ್ 9ರಂದು ಬೇ ಏರಿಯಾದ ಆಕಾಶ ಹೊಗೆಯಿಂದ ಕಿತ್ತಳೆ ಬಣ್ಣಕ್ಕೆ ತಿರುಗಿ ಮಧ್ಯಾಹ್ನವೇ ದೀಪ ಹಚ್ಚಬೇಕಾಯಿತು. ಅಂಥ ದಿನ ಸೋಲಾರ್‌ನಿಂದ ಏನೂ ನಿರೀಕ್ಷೆ ಇಟ್ಟುಕೊಳ್ಳಬಾರದು. ಆದರೆ ಜನರೇಟರನ್ನು ದಿನವಿಡೀ ಓಡಿಸಬೇಡಿ. 2 ಕಿಲೋವಾಟ್‌ನ ಸಣ್ಣ ಇನ್ವರ್ಟರ್ ಜನರೇಟರ್ ಕಾಲು ಲೋಡಿನಲ್ಲಿ ಎಂಟು ಗಂಟೆಗೆ ಸುಮಾರು ಒಂದು ಗ್ಯಾಲನ್ ಕುಡಿಯುತ್ತದೆ. ಬೆಳಿಗ್ಗೆ ಒಂದೂವರೆ ಗಂಟೆ, ಸಂಜೆ ಒಂದೂವರೆ ಗಂಟೆ ಹೆಚ್ಚು ಲೋಡಿನಲ್ಲಿ ಓಡಿಸಿ ಪವರ್ ಸ್ಟೇಷನ್ ತುಂಬಿಕೊಳ್ಳಿ, ಅದೇ ಹೊತ್ತಿಗೆ ಫ್ರಿಜ್ಜೂ ಓಡಲಿ. ರಾತ್ರಿ ಶಬ್ದವಿಲ್ಲ, ಪೆಟ್ರೋಲೂ ಉಳಿಯುತ್ತದೆ. ಕರೆಂಟ್ ಇಲ್ಲದಿದ್ದರೆ ಹತ್ತಿರದ ಬಂಕ್‌ನ ಪಂಪೂ ಓಡುವುದಿಲ್ಲ ಅನ್ನುವುದು ನೆನಪಿರಲಿ. ಪೆಟ್ರೋಲ್ ಕೆಲವೇ ತಿಂಗಳಲ್ಲಿ ಹಳಸುತ್ತದೆ, ಪ್ರೊಪೇನ್ ಹಳಸುವುದಿಲ್ಲ. ಗುಡ್ಡದ ಮನೆಗೆ ಎರಡೂ ಇಂಧನಕ್ಕೆ ಓಡುವ ಜನರೇಟರ್ ಒಳ್ಳೆಯದು.

ಜನರೇಟರ್ ವಿಷಯದಲ್ಲಿ ಮೂರು ತಪ್ಪು ಜೀವ ತೆಗೆಯುತ್ತವೆ. ಇದನ್ನು ದಯವಿಟ್ಟು ಮನೆಯವರಿಗೆ ಓದಿ ಹೇಳಿ.

ಅದನ್ನು ಗ್ಯಾರೇಜಿನಲ್ಲಿ ಓಡಿಸಬಾರದು. ಬಾಗಿಲು ತೆರೆದಿದ್ದರೂ ಬೇಡ, ವರಾಂಡದಲ್ಲೂ ಬೇಡ. ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ (ಸಿಒ) ವಾಸನೆಯಿಲ್ಲ, ಬಣ್ಣವಿಲ್ಲ. ನಿದ್ದೆಯಲ್ಲಿದ್ದವರು ಎದ್ದೇಳುವುದೇ ಇಲ್ಲ. ಮನೆಯಿಂದ ಕನಿಷ್ಠ 20 ಅಡಿ ದೂರ, ಹೊಗೆಕೊಳವೆ ಮನೆಯ ಆಚೆ ಕಡೆಗೆ. ಮನೆಯೊಳಗೆ ಬ್ಯಾಟರಿಯಲ್ಲಿ ಓಡುವ ಸಿಒ ಅಲಾರಂ ಇರಲೇಬೇಕು.

ಎರಡನೆಯದು, ಎರಡು ಕಡೆಯೂ ಪಿನ್ ಇರುವ ವೈರ್ ಮಾಡಿಕೊಂಡು ಜನರೇಟರನ್ನು ಗೋಡೆಯ ಸಾಕೆಟ್‌ಗೆ ಚುಚ್ಚುವುದು. ಊರಿನಲ್ಲೂ ಕೆಲವರು ಹೀಗೆ ಮಾಡುವುದನ್ನು ನೋಡಿದ್ದೇನೆ. ಆ ಕರೆಂಟ್ ಮೀಟರ್ ದಾಟಿ ಹೊರಗೆ ಹೋಗುತ್ತದೆ. ಕಂಬದ ಟ್ರಾನ್ಸ್‌ಫಾರ್ಮರ್ ಅದನ್ನು ಉಲ್ಟಾ ಏರಿಸಿ ಸಾವಿರಾರು ವೋಲ್ಟ್ ಮಾಡುತ್ತದೆ. ನಿಮಗೋಸ್ಕರ ಲೈನ್ ನೋಡಲು ಬಂದವರು ಸಾಯಬಹುದು. ಮನೆ ವೈರಿಂಗ್‌ಗೆ ಕೊಡಲೇಬೇಕಾದರೆ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲಿ, ಜನರೇಟರ್ ಕರೆಂಟ್ ಹೊರಗಿನ ಲೈನಿಗೆ ಸೇರದಂತೆ ತಡೆಯುವ ಟ್ರಾನ್ಸ್‌ಫರ್ ಸ್ವಿಚ್ ಅಥವಾ ಇಂಟರ್‌ಲಾಕ್ ಹಾಕಿಸಿ. ಇಲ್ಲವೇ ದಪ್ಪನೆಯ ಎಕ್ಸ್‌ಟೆನ್ಷನ್ ವೈರ್ ಎಳೆದು ಫ್ರಿಜ್ಜಿಗೆ ನೇರ ಕೊಡಿ.

ಮೂರನೆಯದು ಈ ಗಾಳಿಯ ದಿನಗಳಿಗೇ ಸೇರಿದ್ದು. ಬೆಂಕಿ ಹತ್ತದಿರಲಿ ಅಂತ ಇಡೀ ಪ್ರದೇಶದ ಕರೆಂಟೇ ತೆಗೆದಿದ್ದಾರೆ. ಅಂಥ ದಿನ ಕಾದ ಸೈಲೆನ್ಸರ್ ಇರುವ ಯಂತ್ರವನ್ನು ಒಣ ಹುಲ್ಲು, ತರಗೆಲೆ ಮೇಲೆ ಇಟ್ಟರೆ ಬೆಂಕಿ ನಾವೇ ಹಚ್ಚಿದ ಹಾಗೆ. ಕಾಂಕ್ರೀಟ್ ಅಥವಾ ಬರಿ ಮಣ್ಣಿನ ಮೇಲೆ ಇಡಿ, ಸುತ್ತ ಗುಡಿಸಿ ತೆಗೆಯಿರಿ, ಕಿಡಿ ತಡೆಯುವ ಸ್ಪಾರ್ಕ್ ಅರೆಸ್ಟರ್ ಇದೆಯಾ ನೋಡಿ. ಪೆಟ್ರೋಲ್ ತುಂಬುವಾಗ ಆಫ್ ಮಾಡಿ, ತಣ್ಣಗಾಗಲು ಬಿಡಿ.

ನಿಮ್ಮ ಹತ್ತಿರ ಎಲೆಕ್ಟ್ರಿಕ್ ಕಾರ್ ಇದೆಯಾ ಅಂತ ಬರೆದಿಲ್ಲ. ಹ್ಯುಂಡೈ ಅಯೋನಿಕ್ 5, ಕಿಯಾ ಇವಿ6 ಥರದ ಕಾರುಗಳಿಂದ 120 ವೋಲ್ಟ್ ತೆಗೆದು ಫ್ರಿಜ್ ಓಡಿಸಬಹುದು. ಅವುಗಳ ಬ್ಯಾಟರಿ ಮನೆ ಬ್ಯಾಟರಿಗಿಂತ ನಾಲ್ಕೈದು ಪಟ್ಟು ದೊಡ್ಡದು. ಆದರೂ ಅರ್ಧಕ್ಕಿಂತ ಕೆಳಗೆ ಇಳಿಸಬೇಡಿ. ಆ ಕಾರು ಮೊದಲಿಗೆ ನೀವು ಅಲ್ಲಿಂದ ಹೊರಡುವ ದಾರಿ. ಗುಡ್ಡದಲ್ಲಿ ಬೆಂಕಿ ಬಂದರೆ ಹೊರಡಿ ಅಂತ ಆದೇಶ ಬಂದ ಮೇಲೆ ನಿಮಿಷಗಳಷ್ಟೇ ಇರಬಹುದು. ಮನೆಯಲ್ಲಿ ದೀಪ ಉರಿಯುತ್ತಿದೆ, ಫ್ರಿಜ್ ಓಡುತ್ತಿದೆ ಅಂತ ಒಂದು ಕ್ಷಣವೂ ತಡ ಮಾಡಬಾರದು. ಎಚ್ಚರಿಕೆ ಬಂದ ದಿನವೇ ಪೆಟ್ರೋಲ್ ಕಾರಿಗೂ ಟ್ಯಾಂಕ್ ತುಂಬಿಸಿ, ಮುಖ ಹೊರಗೆ ಮಾಡಿ ನಿಲ್ಲಿಸಿ.

ಹಾಗೆಯೇ ಗ್ಯಾರೇಜ್ ಬಾಗಿಲು. ಕರೆಂಟ್ ಇಲ್ಲದಾಗ ಮೋಟರ್ ತೆರೆಯುವುದಿಲ್ಲ. 2017ರ ಬೆಂಕಿಗಳಲ್ಲಿ ಕೆಲವರು ಇದರಿಂದಲೇ ಕಾರು ತೆಗೆಯಲಾಗದೆ ಸತ್ತರು. ಅದಾದ ಮೇಲೆ 2019ರ ಜುಲೈಯಿಂದ ಅಲ್ಲಿ ಹೊಸದಾಗಿ ಹಾಕುವ ಮೋಟರ್‌ಗಳಿಗೆ ಬ್ಯಾಟರಿ ಇರಲೇಬೇಕು ಅಂತ ಕಾನೂನು ಬಂತು. ನಿಮ್ಮದು ಹಳೆಯದಾದರೆ ಬದಲಿಸಿ. ಅಲ್ಲಿಯವರೆಗೆ ಮೇಲೆ ನೇತಾಡುವ ಕೆಂಪು ಹಗ್ಗ ಎಳೆದು ಕೈಯಿಂದ ಬಾಗಿಲು ಎತ್ತುವುದನ್ನು ಮನೆಯವರೆಲ್ಲ ಅಭ್ಯಾಸ ಮಾಡಿ. ಮಾವನವರು ಒಬ್ಬರೇ ಮನೆಯಲ್ಲಿರುವ ಹೊತ್ತೂ ಇರುತ್ತದೆ, ಅಲ್ವಾ? ಅವರಿಗೆ ಎತ್ತಲು ಆಗದಿದ್ದರೆ ಅಂಥ ದಿನ ಕಾರನ್ನು ಹೊರಗೇ ಬಿಡಿ, ಪಕ್ಕದ ಮನೆಯವರಿಗೂ ಹೇಳಿಡಿ.

ಫೋನ್‌ಗೆ ಸಾಂಟಾ ಕ್ಲಾರಾ ಕೌಂಟಿಯ ತುರ್ತು ಎಚ್ಚರಿಕೆ ಸೇವೆ ಅಲರ್ಟ್ ಎಸ್‌ಸಿಸಿ ಹಾಕಿಕೊಂಡಿರಿ. ಮನೆ ಸಾಂಟಾ ಕ್ರೂಜ್ ಕೌಂಟಿ ಕಡೆಗೆ ಬಿದ್ದರೆ ಅಲ್ಲಿಯದ್ದು. ಅಪಾಯದ ಪ್ರದೇಶದ ಮೊಬೈಲ್ ಟವರ್‌ಗಳಿಗೆ 72 ಗಂಟೆಯ ಬ್ಯಾಕಪ್ ಇಡಬೇಕು ಅಂತ ರಾಜ್ಯದ ಸಾರ್ವಜನಿಕ ಸೇವೆಗಳ ಆಯೋಗ 2020ರಲ್ಲಿ ಆದೇಶ ಮಾಡಿದೆ. ಆದರೂ ಬ್ಯಾಟರಿ ರೇಡಿಯೊ ಒಂದು ಇರಲಿ.

ದುಡ್ಡಿನ ಮಾತು. ಮನೆ ಬ್ಯಾಟರಿಗೆ ಕೂಲಿ ಎಲ್ಲ ಸೇರಿ ಹದಿನೈದು ಸಾವಿರ ಡಾಲರ್ ಆಸುಪಾಸು ಆಗುತ್ತದೆ. ಇದಕ್ಕೆ ಸಿಗುತ್ತಿದ್ದ 30% ಫೆಡರಲ್ ತೆರಿಗೆ ರಿಯಾಯಿತಿ 2025ರ ಡಿಸೆಂಬರ್ 31ಕ್ಕೆ ಮುಗಿದಿದೆ. ಈಗಲೂ ಅದನ್ನು ತೋರಿಸಿ ಬೆಲೆ ಹೇಳುವವರಿದ್ದರೆ ದೂರ ಇರಿ. ರಾಜ್ಯದ ಎಸ್‌ಜಿಐಪಿ ಯೋಜನೆಯಲ್ಲಿ ಬೆಂಕಿಯ ಪ್ರದೇಶದವರಿಗೆ, ಮೆಡಿಕಲ್ ಬೇಸ್‌ಲೈನ್‌ನಲ್ಲಿ ಇರುವವರಿಗೆ ವಿಶೇಷ ಸಹಾಯಧನ ಇತ್ತು. ಈಗಲೂ ಹೊಸ ಅರ್ಜಿ ತಗೊಳ್ಳುತ್ತಾರಾ ಅಂತ ಕೇಳಿ ನೋಡಿ, ಅದನ್ನೇ ನಂಬಿ ಲೆಕ್ಕ ಹಾಕಬೇಡಿ. 

ಅಂದರೆ ನನ್ನ ಸಲಹೆಯ ಕ್ರಮ ಹೀಗೆ. ಈ ವಾರ ಪವರ್ ಸ್ಟೇಷನ್, ಸಿಒ ಅಲಾರಂ, ನೀರಿನ ಡ್ರಮ್. ಗಾಳಿಯ ಕಾಲ ಶುರುವಾಗುವ ಮೊದಲು ಸಣ್ಣ ಜನರೇಟರ್, ಕೈಗೂಡಿದರೆ ಮೇಲಿನ ಟ್ಯಾಂಕ್. ವರ್ಷದೊಳಗೆ ಸೋಲಾರ್‌ಗೆ ಸೇರಿದ ಒಂದು ಬ್ಯಾಟರಿ. ದುಡ್ಡು ಒಂದಕ್ಕೇ ಇದೆ ಅನ್ನುವುದಾದರೆ ಬ್ಯಾಟರಿಗಿಂತ ಟ್ಯಾಂಕ್ ಮೊದಲು.

ಎಲ್ಲ ತಂದ ಮೇಲೆ ಒಂದು ಶನಿವಾರ ಬೆಳಿಗ್ಗೆ ನೀವೇ ಮೇನ್ ಬ್ರೇಕರ್ ಆಫ್ ಮಾಡಿ, ಭಾನುವಾರ ಬೆಳಿಗ್ಗೆವರೆಗೆ ಹಾಗೇ ಇರಿ. ಆ ರಾತ್ರಿ ಸಿಪ್ಯಾಪ್ ಬ್ಯಾಟರಿಯಲ್ಲೇ ಓಡಲಿ. ಎಷ್ಟು ಉಳಿಯಿತು ಅಂತ ಬರೆದಿಟ್ಟುಕೊಳ್ಳಿ. ಯಾವ ವೈರ್ ಕಡಿಮೆ ಬಿತ್ತು, ಟಾರ್ಚ್ ಎಲ್ಲಿದೆ, ಯಾರು ಫ್ರಿಜ್ ಬಾಗಿಲು ತೆಗೆದು ನಿಲ್ಲುತ್ತಾರೆ, ಎಲ್ಲ ಆಗಲೇ ಗೊತ್ತಾಗುತ್ತದೆ.

ಪಂಪ್‌ನ ಕಂಟ್ರೋಲ್ ಪೆಟ್ಟಿಗೆ ಮೇಲೆ ಒಂದು ಲೋಹದ ಪಟ್ಟಿ ಇರುತ್ತದೆ. ಎಚ್‌ಪಿ, ವೋಲ್ಟ್, ಆಂಪ್ಸ್ ಬರೆದಿರುವ ಆ ಪಟ್ಟಿಯ ಫೋಟೊ ಕಳಿಸಿ. ಬೋರ್ ಎಷ್ಟು ಅಡಿ ಅಂತಲೂ ತಿಳಿಸಿ. ಅದನ್ನು ಎಬ್ಬಿಸಲು ಯಾವ ಅಳತೆಯ ಇನ್ವರ್ಟರ್ ಬೇಕು ಅಂತ ಲೆಕ್ಕ ಹಾಕಿ ಹೇಳುತ್ತೇನೆ. ಅದು ಗೊತ್ತಾಗುವವರೆಗೆ ಬ್ಯಾಟರಿಗೆ ಮುಂಗಡ ಕೊಡಬೇಡಿ.